ಹಾಜರಿ

ಮೂವತ್ತೊಂದು ವರ್ಷ, ಕರ್ತನೇ,
ಪಾಲಿಬೆಟ್ಟದ ಈ ತೋಟದಲ್ಲಿ ಚೆಕ್‌ರೋಲ್ ಬರೆದೆ.
ಬೆಳಿಗ್ಗೆ ಏಳಕ್ಕೆ ಪಲ್ಪಿಂಗ್ ಶೆಡ್ಡಿನ ಮುಂದೆ
ಒಬ್ಬೊಬ್ಬರ ಹೆಸರು ಕೂಗುವುದು.
‘ಇದ್ದೀನಿ’ ಅಂದರೆ ಒಂದು ಗೀಟು,
ಸದ್ದಿಲ್ಲದಿದ್ದರೆ ಸೊನ್ನೆ,
ಮಧ್ಯಾಹ್ನವೇ ಹೋದವರಿಗೆ ಅರ್ಧ ಗೀಟು.
ತಲೆ ಎತ್ತುತ್ತಿರಲಿಲ್ಲ.
ದನಿ ಸಾಕು, ಮುಖ ಯಾಕೆ?

ನಿನ್ನ ಹತ್ತಿರವೂ ಅದೇ ಲೆಕ್ಕ.
ರಾತ್ರಿ ಗಂಜಿ ಉಂಡು, ಟಿವಿ ಆರಿಸಿ,
ಕರುಣಾವತಿಯ ಮಂಡಿ ನೋವು,
ಮಗಳು ಎಲಿಷೆಬಳ ಹೆರಿಗೆ,
ಆನಂದಪುರದ ದೊಡ್ಡಮ್ಮನ ಕಣ್ಣು,
ಸಭೆಯ ಛಾವಣಿಗೆ ತಗಡು,
ಹೂಮಳೆ ಹೊತ್ತಿಗೆ ಸರಿಯಾಗಿ ಬರಲಿ,
ಕೊನೆಗೆ ನಿನ್ನ ಹೆಸರು. ಅದಕ್ಕೂ ಒಂದು ಗೀಟು.
ಆಮೆನ್.
ನೀನು ಇದ್ದೀಯೆಂದು ಗೊತ್ತಿತ್ತು.
ಗೊತ್ತಿದ್ದರಿಂದಲೇ ನೋಡಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ, ಕಳೆ ಹೊಡೆಯುವಾಗ,
‘ಬೊಳ್ಳಿ’ ಅಂದೆ. ‘ಇದ್ದೀನಿ.’
‘ಚೀರೆ’ ಅಂದೆ. ‘ಇದ್ದೀನಿ.’
ಹತ್ತೊಂಬತ್ತು ದಿನ.
ಇಪ್ಪತ್ತನೆಯ ದಿನ ಮೇಸ್ತ್ರಿ ಕಿವಿಯಲ್ಲಿ ಹೇಳಿದ,
‘ರೈಟರೇ, ಬೊಳ್ಳಿ ಲೈನಿನಿಂದ ಹೊರಗೆ ಬಂದು
ಮೂರು ವಾರ ಆಗುತ್ತಾ ಬಂತಲ್ಲ.’
ಎರಡೂ ದನಿ ಅವಳ ತಂಗಿ ಚೀರೆಯದು.
ಒಂದು ಸಣ್ಣಗೆ, ಒಂದು ಸ್ವಲ್ಪ ದಪ್ಪಗೆ.

ಬಯ್ಯುವುದಕ್ಕೇ ಹೋದೆ, ರಿಜಿಸ್ಟರ್ ಕಂಕುಳಲ್ಲಿ.
ಒಲೆಯ ಪಕ್ಕ ಗೋಣಿಚೀಲದ ಮೇಲೆ ಬೊಳ್ಳಿ.
ಮೂಗಿನ ಬದಿಗೆ ಹಳೆಯ ಗಾಯದ ಕಲೆ.
ಇಪ್ಪತ್ತು ವರ್ಷ ನನ್ನ ಪುಸ್ತಕದಲ್ಲಿದ್ದವಳು,
ಆ ಕಲೆ ನನಗೆ ಗೊತ್ತಿರಲಿಲ್ಲ.
ಏಳಲು ನೋಡಿದಳು, ಆಗದೆ ನಕ್ಕಳು:
‘ರೈಟರ್‌ಗೆ ಒಂದು ಕಣ್ಣು ಚಿಕ್ಕದು!
ಇವತ್ತೇ ನೋಡಿದ್ದು.’

ಜೀಪು ತರಿಸಿ ಅಮ್ಮತ್ತಿ ಆಸ್ಪತ್ರೆಗೆ ಕಳಿಸಿದೆ.
ಆ ಹತ್ತೊಂಬತ್ತು ದಿನದ ಬಗ್ಗೆ ಧಣಿಗೆ ಏನು ಹೇಳಿದೆನೋ
ಅದು ನಿನಗೆ ಗೊತ್ತು,
ಒಂದೆರಡು ಸುಳ್ಳೂ ಇತ್ತು.

ಆ ರಾತ್ರಿ ಪಟ್ಟಿ ನಾಲಿಗೆಗೆ ಬರಲಿಲ್ಲ.
ಕಣದ ಪಕ್ಕದ ಹಲಗೆ ಬೆಂಚಿನ ಮೇಲೆ ಕೂತು
ನಿನ್ನನ್ನು ಕರೆದೆ.
‘ಇದ್ದೀನಿ’ ಎಂದು ತಕ್ಷಣ ಕೇಳಿಸಿತು.
ಆದರೆ ಅದು ನನ್ನ ದನಿ, ಕರ್ತನೇ.
ನಿನ್ನ ಪರವಾಗಿ ನಾನೇ ಓಗೊಡುತ್ತಿದ್ದೆ,
ಎಷ್ಟು ವರ್ಷದಿಂದಲೋ.

ಬಾಯಿ ಮುಚ್ಚಿಕೊಂಡೆ.
ಏನೂ ಆಗಲಿಲ್ಲ.
ಸೊಳ್ಳೆ. ಸಿಲ್ವರ್ ಓಕಿನಿಂದ ತೊಟ್ಟಿಕ್ಕುವ ಇಬ್ಬನಿ.
ದೂರ ಮಾಲ್ದಾರೆ ಕಡೆ ಆನೆ ಓಡಿಸುವ ಪಟಾಕಿ, ಎರಡು.
ಮರುದಿನವೂ ಅಷ್ಟೇ.
ನಾಲ್ಕನೆಯ ದಿನ ಕೂತಲ್ಲೇ ನಿದ್ದೆ ಹೋದೆ.

ಮತ್ತೆ ಯಾವತ್ತೋ, ಕರೆಯದೆಯೇ, ಒಂದು ಹೆಸರು ಬಂತು:
ಜೋಗಿ.
ತೊಂಬತ್ತೆಂಟರಲ್ಲಿ ಅವನ ಮೂರು ಗೀಟನ್ನು
ತಿದ್ದಿ ಸೊನ್ನೆ ಮಾಡಿದ್ದೆ,
ನನ್ನೆದುರು ಬೀಡಿ ಆರಿಸಲಿಲ್ಲವೆಂದು.
ಅವನ ಮಗ ಈಗ ಇದೇ ತೋಟದಲ್ಲಿ
ಮೆಣಸು ಕುಯ್ಯಲು ಏಣಿ ಹತ್ತುತ್ತಾನೆ.
ಯಾರಿಗೂ ಹೇಳಿರಲಿಲ್ಲ. ನಿನಗೂ.
ನೀನು ಅವತ್ತೇ ನೋಡಿದ್ದೆ, ಸರಿ.
ಹೇಳುವುದು ಬೇರೆ.
ಹೇಳಿದೆ.

ನೀನು ಮಾತಾಡಲಿಲ್ಲ.
ಎದ್ದೂ ಹೋಗಲಿಲ್ಲ.
ಹೇಗೆ ಗೊತ್ತಾಯಿತೆಂದು ಪಾದ್ರಿಯವರು ಕೇಳಿದರೆ
ಬಿಡಿಸಿ ಹೇಳಲಾರೆ.
ಬೆಂಚಿನ ಆ ತುದಿಯಲ್ಲಿ ಯಾರಾದರೂ ಕೂತರೆ
ಈ ತುದಿಯಲ್ಲಿ ಹಲಗೆ ತುಸು ಮಿಸುಕುತ್ತದಲ್ಲ,
ಅಷ್ಟೇ.

ಈಗ ಹಾಜರಿಗೆ ನಲವತ್ತು ನಿಮಿಷ.
ಹೆಸರು ಕೂಗಿ, ತಲೆ ಎತ್ತಿ, ನೋಡಿ, ಆಮೇಲೆ ಗೀಟು.
ಮ್ಯಾನೇಜರ್ ಕೈಗಡಿಯಾರ ತಟ್ಟಿ ತೋರಿಸುತ್ತಾರೆ.
ಬೊಳ್ಳಿ ಚೇಷ್ಟೆಗೆ ಎರಡು ಸಲ ‘ಇದ್ದೀನಿ’ ಅನ್ನುತ್ತಾಳೆ.
ಜೋಗಿಯ ಮಗನ ಮುಖ ನೋಡುವುದು
ಇನ್ನೂ ಕಷ್ಟ. ನೋಡುತ್ತೇನೆ.

ನಿನ್ನೆದುರು ಕೆಲವು ರಾತ್ರಿ ನಾನೇ ಅರ್ಧ ಗೀಟು,
ಮನಸ್ಸು ಮಧ್ಯಾಹ್ನಕ್ಕೇ ಎದ್ದು ಹೋಗಿರುತ್ತದೆ.
ಬರೆದುಕೋ.
ಪಟ್ಟಿಯನ್ನೇನೂ ಬಿಟ್ಟಿಲ್ಲ,
ಮಂಡಿ ಇನ್ನೂ ನೋಯುತ್ತಿದೆ,
ಛಾವಣಿ ಇನ್ನೂ ಸೋರುತ್ತಿದೆ.
ಆದರೆ ಈಗ ನಿನ್ನಿಂದ ಶುರು.
ಕರುಣಾವತಿ ಒಳಗಿನಿಂದ ಕೇಳುತ್ತಾಳೆ,
‘ಮುಗಿಯಿತಾ? ದೀಪ ಆರಿಸಲಾ?’
ಇಲ್ಲ ಕಣೇ,
ಇನ್ನೂ ಮೊದಲನೆಯ ಹೆಸರು.